ಬೋರ್ ಲಾರಿ ಬಂದ ರಾತ್ರಿ ನಿದ್ದೆ ಮಾಡಬೇಡಿ

ಶಿಡ್ಲಘಟ್ಟ, ಚಿಂತಾಮಣಿ ಕಡೆ ಯಾರಾದರೂ ಬೋರ್ ಕೊರೆಸುವ ಯೋಚನೆಯಲ್ಲಿದ್ದರೆ ಮೊದಲು ಇದನ್ನು ಓದಿ. ಹೋದ ವರ್ಷ ಮಾರ್ಚ್‌ನಲ್ಲಿ ಎರಡೂವರೆ ಲಕ್ಷದ ಹತ್ತಿರ ದುಡ್ಡನ್ನು ನಾನು ನೆಲದೊಳಗೆ ಸುರಿದಿದ್ದೇನೆ. ಅದರಲ್ಲಿ ಅರ್ಧ ಮೋಸ, ಇನ್ನರ್ಧ ನನ್ನದೇ ದಡ್ಡತನ.

ನಮ್ಮದು ಎರಡು ಎಕರೆ ಹಿಪ್ಪುನೇರಳೆ. ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದಿದ್ದವು, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟಿದ್ದವು. ಎಷ್ಟು ಸೊಪ್ಪು ಹಾಕಿದರೂ ಸಾಲದ ಹೊತ್ತು ಅದು. ಆಗಲೇ ಹಳೇ ಬೋರ್ ನೀರಿನ ಬದಲು ಗಾಳಿ ಬಿಡೋಕೆ ಶುರು ಮಾಡಿತು. ಆ ಬೆಳೆಗೆ ಹೇಗೋ ಸೊಪ್ಪು ಕೊಂಡು ತಂದು ಹಾಕಿದೆವು. ಮುಂದಿನ ಬೆಳೆಗೆ ಏನು ಮಾಡೋದು?

ಟೀ ಅಂಗಡಿಯಲ್ಲಿ ಒಬ್ಬ ಏಜೆಂಟ್ ಸಿಕ್ಕಿದ. "ಅಣ್ಣಾ, ಕೆರೆಗಳಿಗೆಲ್ಲ ಎಚ್ಎನ್ ವ್ಯಾಲಿ ನೀರು ಬಂದಿದೆ. ನೆಲದ ನೀರು ಮೇಲೆದ್ದಿದೆ. ಈಗ ಹಾಕಿಸಿದರೆ ಗ್ಯಾರಂಟಿ" ಅಂದ. ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಯ ಕೊಳಚೆ ನೀರನ್ನು ಶುದ್ಧ ಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿರುವುದು ನಿಜ. ಆದರೆ ನಮ್ಮೂರ ಕೆರೆಗೆ ಅದು ಬಂದಿಲ್ಲ. ಅಲ್ಲಿ ಈಗಲೂ ಹುಡುಗರು ಕ್ರಿಕೆಟ್ ಆಡುತ್ತಾರೆ. ಅದು ಗೊತ್ತಿದ್ದೂ ತಲೆಯಾಡಿಸಿದೆ. ತೋಟ ಒಣಗುವಾಗ ಯಾರು ಏನು ಹೇಳಿದರೂ ನಂಬೋಣ ಅನ್ನಿಸುತ್ತೆ.

ಪಾಯಿಂಟ್ ಮಾಡೋಕೆ, ಅಂದರೆ ಎಲ್ಲಿ ಕೊರೆಯಬೇಕು ಅಂತ ಗುರುತು ಮಾಡೋಕೆ, ಒಬ್ಬರನ್ನು ಅವನೇ ಕರೆತಂದ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟವೆಲ್ಲ ಸುತ್ತಿದರು. ಕಾಯಿ ಎದ್ದು ನಿಂತ ಕಡೆ ಸುಣ್ಣ ಹಾಕಿದರು. 3,000 ರೂಪಾಯಿ. ಕಾಯಿಯನ್ನೂ ಅವರೇ ತೆಗೆದುಕೊಂಡು ಹೋದರು.

ಲಾರಿ ಬಂದಿದ್ದು ರಾತ್ರಿ ಒಂಬತ್ತಕ್ಕೆ. ಮೇಲಿನ ಮಣ್ಣು ಕುಸಿಯದಂತೆ ತಡೆಯುವ ಕೇಸಿಂಗ್ ಪೈಪ್ 80 ಅಡಿ ಇಳಿಯಿತು, ಅಡಿಗೆ 450 ರೂಪಾಯಿ. ಕೊರೆತದ ರೇಟ್ ಮೊದಲ 300 ಅಡಿವರೆಗೆ ಅಡಿಗೆ 95 ರೂಪಾಯಿ. "ಆಮೇಲೆ ಸ್ವಲ್ಪ ಸ್ವಲ್ಪ ಏರುತ್ತೆ ಅಣ್ಣಾ" ಅಂತ ಏಜೆಂಟ್ ಬಾಯಲ್ಲಿ ಹೇಳಿದ್ದ. ಆ ಸ್ವಲ್ಪ ಎಷ್ಟು ಅಂತ ಬೆಳಿಗ್ಗೆ ಬಿಲ್ ನೋಡಿದಾಗ ಗೊತ್ತಾಯಿತು. ಮೊದಲ 300 ಅಡಿಗೆ 28,500. 1,100ರಿಂದ 1,200ರವರೆಗೆ, ಬರೀ ನೂರು ಅಡಿಗೆ, 33,000!

420 ಅಡಿಯಲ್ಲಿ ಧೂಳು ಹೋಗಿ ಕೆಸರು ಬಂತು. ಕಲ್ಲಿನಲ್ಲಿ ಸಣ್ಣ ಗ್ಯಾಪ್, ಅಂದರೆ ಬಿರುಕು, ಅರ್ಧ ಇಂಚು ನೀರು. ಅಲ್ಲೇ ನಿಲ್ಲಿಸಬೇಕಿತ್ತು. "ಕೆಳಗೆ ದೊಡ್ಡ ಗ್ಯಾಪ್ ಇದೆ, ಇನ್ನೊಂದು ನೂರು ಅಡಿ ನೋಡೋಣ" ಅಂದರು ಲಾರಿಯವರು. ಆ "ಇನ್ನೊಂದು ನೂರು" ರಾತ್ರಿಯೆಲ್ಲ ನಡೆಯಿತು. ಆಮೇಲೆ ಬಂದಿದ್ದು ಬೂದಿಯಂಥ ಬಿಳಿ ಧೂಳು ಮಾತ್ರ. ಬೆಳಗಾಗುವಾಗ ಪಕ್ಕದ ಸಾಲಿನ ಸೊಪ್ಪೆಲ್ಲ ಬೆಳ್ಳಗಾಗಿತ್ತು.

ಆಮೇಲೆ ಭೂವಿಜ್ಞಾನ ಓದಿದ ಒಬ್ಬರು ವಿವರಿಸಿದರು. ನಮ್ಮ ಕಡೆ ಕೆಳಗಿರುವುದು ಗಟ್ಟಿ ಕಲ್ಲು, ಗ್ರಾನೈಟ್ ಜಾತಿಯದ್ದು. ಮರಳಿನ ಹಾಗೆ ಅದು ನೀರು ಹೀರಿಟ್ಟುಕೊಳ್ಳುವುದಿಲ್ಲ. ಬಿರುಕು ಇದ್ದರೆ ನೀರು, ಇಲ್ಲದಿದ್ದರೆ ಧೂಳು. ಆಳಕ್ಕೆ ಹೋದಷ್ಟೂ ಬಿರುಕು ಸಾಮಾನ್ಯವಾಗಿ ಕಡಿಮೆ. ಕರೆಂಟ್ ಹರಿಸಿ ಕಲ್ಲಿನ ಗುಣ ಅಳೆಯುವ ಮಷಿನ್ ಸರ್ವೆ ಇದೆ. ಅದೂ ಗ್ಯಾರಂಟಿ ಕೊಡಲ್ಲ, ಆದರೆ ತೆಂಗಿನಕಾಯಿಗಿಂತ ವಾಸಿ.

ಈಗ ಮೋಸದ ವಿಷಯ. ಬಿಲ್ 1,260 ಅಡಿಗೆ ಬಂತು. ಕೊರೆಯುವಾಗ ಒಂದರ ಮೇಲೊಂದು ಜೋಡಿಸಿ ಇಳಿಸುವ ಅವರ ರಾಡ್ ಒಂದೊಂದೂ 20 ಅಡಿ, ಅಂದರೆ 63 ರಾಡ್. ನನ್ನ ಮಗ ರಾತ್ರಿಯೆಲ್ಲ ಪಂಪ್‌ಹೌಸ್ ಗೋಡೆ ಮೇಲೆ ಇದ್ದಿಲಲ್ಲಿ ರಾಡಿಗೊಂದು ಗೀಟು ಎಳೆದಿದ್ದ. 58 ಗೀಟು. ಐದು ರಾಡಿನ, ಅಂದರೆ ಬಿಲ್‌ನ ಕೊನೆಯ ನೂರು ಅಡಿಯ ವ್ಯತ್ಯಾಸಕ್ಕೆ 36,600 ರೂಪಾಯಿ! ಕೇಳಿದರೆ "ಹುಡುಗ ನಿದ್ದೆ ಮಾಡಿರ್ತಾನೆ ಬಿಡಿ ಸಾರ್" ಅಂದರು. ನಾನಂತೂ ಮಂಚದ ಮೇಲೆ ಗೊರಕೆ ಹೊಡೆದಿದ್ದೆ, ವಾದ ಮಾಡೋಕೆ ಬಾಯಿ ಎಲ್ಲಿಂದ ಬರಬೇಕು? ಕೊನೆಗೆ ಆ ವ್ಯತ್ಯಾಸದಲ್ಲಿ ಅರ್ಧ ಕೊಡೋಕೆ ಒಪ್ಪಿದೆ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ ಅಳೆಯಬಹುದಿತ್ತು ಅಂತ ಹೊಳೆದಿದ್ದು ಲಾರಿ ಹೋದ ಮೇಲೆ.

ದೂರು ಕೊಡೋಣ ಅಂತ ಹೊರಟೆ. ಕಚೇರಿಯಲ್ಲಿ ಮೊದಲ ಪ್ರಶ್ನೆಯೇ "ಅನುಮತಿ ಪತ್ರ ಎಲ್ಲಿ?" ಕರ್ನಾಟಕದಲ್ಲಿ 2011ರ ಅಂತರ್ಜಲ ಕಾಯ್ದೆ ಇದೆ. ನಮ್ಮಂಥ ನೀರು ಬತ್ತಿದ ತಾಲ್ಲೂಕುಗಳಲ್ಲಿ ಕೊರೆಸುವ ಮುಂಚೆ ಅನುಮತಿ ಬೇಕು, ಕೊರೆಯುವ ಲಾರಿಯೂ ನೋಂದಣಿ ಆಗಿರಬೇಕು. ಏಜೆಂಟ್ "ಅದೆಲ್ಲ ನಾನು ನೋಡ್ಕೋತೀನಿ" ಅಂದಿದ್ದ. ಏನೂ ಮಾಡಿರಲಿಲ್ಲ. ಸುಮ್ನೆ ವಾಪಸ್ ಬಂದೆ.

ಆ ಅರ್ಧ ಇಂಚು ಐದು ತಿಂಗಳು ಬಂತು, ನಿಂತಿತು. ಆ ಬೋರ್ ಬಾಯಿಗೆ ತಕ್ಷಣ ಗಟ್ಟಿ ಮುಚ್ಚಳ ಹಾಕಿಸಿದೆ. ತೋಟದಲ್ಲಿ ಮಕ್ಕಳು ಓಡಾಡುತ್ತವೆ, ಇದರಲ್ಲಿ ಒಂದು ದಿನವೂ ತಡ ಮಾಡಬೇಡಿ. ಇನ್ನೊಂದು ಮಾತು, ಆಳದ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಬೇಡಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ನಮ್ಮ ಕಡೆ ದಾಟಿದ ಬೋರ್‌ಗಳು ಬೇಕಾದಷ್ಟಿವೆ.

ಮಳೆ ನೀರು ಬೋರ್‌ಗೆ ಇಂಗಲಿ ಅಂತ ಮಳೆಗಾಲಕ್ಕೆ ಮುಂಚೆ ಹಳೇ ಬೋರ್ ಸುತ್ತ ಹತ್ತಡಿ ಗುಂಡಿ ತೋಡಿಸಿದೆ. ಕೇಸಿಂಗ್‌ಗೆ ತೂತು ಕೊರೆದು ಜಾಲರಿ ಸುತ್ತಿ, ದಪ್ಪ ಕಲ್ಲು, ಜಲ್ಲಿ, ಮೇಲೆ ಮರಳು ತುಂಬಿಸಿದೆವು. ಹೊಲದ ನೀರು ಮೊದಲು ಒಂದು ಸಣ್ಣ ಹೊಂಡದಲ್ಲಿ ನಿಂತು, ಮಣ್ಣು ಇಳಿದ ಮೇಲೆ ಗುಂಡಿಗೆ ಬರುತ್ತದೆ. ಗೊಬ್ಬರ, ಔಷಧಿ ಹೊಡೆದ ಸಾಲಿನ ನೀರನ್ನು ಮಾತ್ರ ಬಿಡಬೇಡಿ. ಈಗ ದಿನಕ್ಕೆ ಎರಡು ಗಂಟೆ ಮೋಟಾರ್ ಓಡುತ್ತಿದೆ. ಡ್ರಿಪ್‌ನಲ್ಲಿ ಒಂದು ಎಕರೆ ಉಳಿದಿದೆ. ಇನ್ನೊಂದು ಎಕರೆ ಕಿತ್ತು ರಾಗಿ ಹಾಕಿದೆವು.

ಏಜೆಂಟ್ ಮೊನ್ನೆ ಮತ್ತೆ ಫೋನ್ ಮಾಡಿದ್ದ. ಬದುವಿನ ಆಚೆ ಇನ್ನೊಂದು ಒಳ್ಳೇ ಪಾಯಿಂಟ್ ಇದೆಯಂತೆ.