ಸ್ಟೇರಿಂಗ್ ಲೀಕ್ ಒಂದೇ ದಿನದಲ್ಲಿ ನಿಂತಿತಾ? ಒಳಗೆ ಬ್ರೇಕ್ ಆಯಿಲ್ ಬಿದ್ದಿರಬಹುದು, ಇವತ್ತೇ ನೋಡಿ

ಕೊಡಗಿನಲ್ಲಿ ಪಿಕಪ್ ಇಟ್ಟುಕೊಂಡವರೆಲ್ಲ ದಯವಿಟ್ಟು ಪೂರ್ತಿ ಓದಿ. ಪವರ್ ಸ್ಟೇರಿಂಗ್ ಆಯಿಲ್ ಬದಲಾಯಿಸಿ ಅಂತ ಗಾಡಿ ಬಿಟ್ಟು ಬಂದರೆ ಬ್ರೇಕ್ ಆಯಿಲ್ ಸುರಿದು ಕಳಿಸುವ ಗ್ಯಾರೇಜು ನಮ್ಮ ಜಿಲ್ಲೆಯಲ್ಲೇ ಉಂಟು. ಹೆಸರು ಇಲ್ಲಿ ಹಾಕುತ್ತಿಲ್ಲ. ಆದರೆ ಏನು ಮಾಡಿದರು, ಹೇಗೆ ಗೊತ್ತಾಯಿತು, ಎಲ್ಲ ಬರೆಯುತ್ತೇನೆ.

ಬಿಲ್ಲಿನಲ್ಲಿ ಇದ್ದದ್ದು: ಆಯಿಲ್ 2 ಲೀಟರ್, ಫ್ಲಶಿಂಗ್ (ಹಳೇ ಆಯಿಲ್ ಪೂರ್ತಿ ತೊಳೆದು ತೆಗೆಯುವ) ಕೂಲಿ ಸೇರಿ 1,650 ರೂಪಾಯಿ. ಗಾಡಿಗೆ ಬಿದ್ದದ್ದು: ಅರ್ಧ ಲೀಟರ್ ಬ್ರೇಕ್ ಆಯಿಲ್. ಫ್ಲಶಿಂಗ್ ಮಾಡಲೇ ಇಲ್ಲ. ಬಾನೆಟ್ ಒಳಗಿನ ಸ್ಟೇರಿಂಗ್ ಆಯಿಲ್ ಡಬ್ಬದಲ್ಲಿದ್ದ ಹಳೇ ಆಯಿಲ್ ಎಳೆದು ಹೊಸದು ಸುರಿದಿದ್ದಾರೆ, ಅಷ್ಟೇ.

ಮೋಸ ಹೋದದ್ದು ಎಲ್ಲಿ ಅಂದರೆ, ಲೀಕ್ ನಿಂತಿತು! ಮೊದಲು ರ್‍ಯಾಕಿನ (ಮುಂದಿನ ಚಕ್ರಗಳನ್ನು ತಿರುಗಿಸುವ ಅಡ್ಡ ಭಾಗದ) ಎಡ ತುದಿಯಲ್ಲಿ ಸಣ್ಣಗೆ ಜಿನುಗುತ್ತಿತ್ತು, ವಾರಕ್ಕೆ 50 ಮಿ.ಲೀ. ತುಂಬಿಸಬೇಕಿತ್ತು. ಗ್ಯಾರೇಜಿನಿಂದ ಬಂದ ಮೇಲೆ ಶೆಡ್ಡಿನ ನೆಲ ಒಣಗಿಯೇ ಇತ್ತು. ಒಂದು ದಿನ, ಎರಡು ದಿನ, ಹತ್ತು ದಿನ. ಒಂದು ಹನಿ ಇಲ್ಲ. ಮೇಸ್ತ್ರಿ ಫೋನಿನಲ್ಲಿ, "ಅಣ್ಣಾ, ಸೀಲ್ ಬದಲಾಯಿಸದೆ ಲೀಕ್ ನಿಲ್ಲಿಸಿ ಕೊಟ್ಟಿದ್ದೇನೆ, ನೋಡಿ" ಅಂದ. ನಾನು ನಂಬಿದೆ. ನಂಬಿದ್ದು ಮಾತ್ರ ಅಲ್ಲ, ಪಕ್ಕದ ತೋಟದ ಇಬ್ಬರಿಗೆ "ಅಲ್ಲೇ ಹೋಗಿ" ಅಂತ ನಾನೇ ಹೇಳಿದೆ. ಈಗ ಅವರಿಗೆ ಮುಖ ತೋರಿಸಲು ಆಗುತ್ತಿಲ್ಲ.

ಲೀಕ್ ಯಾಕೆ ನಿಂತಿತು? ಇದನ್ನು ಸರಿಯಾಗಿ ತಿಳಿದುಕೊಳ್ಳಿ, ಇಡೀ ಮೋಸ ಇರುವುದು ಇದರಲ್ಲೇ. ಪವರ್ ಸ್ಟೇರಿಂಗ್ ಪಂಪು, ರ್‍ಯಾಕು, ಹೋಸುಗಳ ರಬ್ಬರು ಪೆಟ್ರೋಲಿಯಂ ಮೂಲದ ಆಯಿಲ್‌ಗೆ ಹೊಂದುವಂಥದ್ದು. ಬ್ರೇಕ್ ಆಯಿಲ್, ಅಂದರೆ ಡಾಟ್ 3, ಡಾಟ್ 4, ಗ್ಲೈಕಾಲ್ ಮೂಲದ್ದು. ಅದು ತಗುಲಿದರೆ ಈ ರಬ್ಬರು ಉಬ್ಬುತ್ತದೆ. ಉಬ್ಬಿದ ಸೀಲು ಕೆಲವು ದಿನ ಶಾಫ್ಟಿಗೆ ಬಿಗಿಯಾಗಿ ಕೂರುತ್ತದೆ, ಹನಿ ನಿಲ್ಲುತ್ತದೆ. ಆಮೇಲೆ ಅದೇ ರಬ್ಬರು ಮೆತ್ತಗಾಗಿ, ಅಂಚು ಹರಿದು, ಚೂರು ಚೂರಾಗಿ ಆಯಿಲ್ ಜೊತೆ ಸುತ್ತುತ್ತದೆ. ಡಬ್ಬದ ಒಳಗಿನ ಜಾಲರಿ ಕಟ್ಟಿಕೊಳ್ಳುತ್ತದೆ, ಪಂಪಿಗೆ ಆಯಿಲ್ ಸಾಲದೆ ಗುಂಯ್ ಅಂತ ಕೂಗುತ್ತದೆ. ಬ್ರೇಕ್ ಆಯಿಲ್‌ಗೆ ಪಂಪಿಗೆ ಬೇಕಾದ ಜಾರಿಕೆಯೂ ಇಲ್ಲ, ಹಾಗಾಗಿ ಒಳಗಿನ ವೇನುಗಳೂ (ಆಯಿಲ್ ತಳ್ಳುವ ಎಸಳುಗಳು) ಸವೆಯುತ್ತವೆ.

ನಮ್ಮಲ್ಲಿ ಇಪ್ಪತ್ತು ದಿನ ಹಿಡಿಯಿತು. ಕಾಫಿ ಮೂಟೆ ತುಂಬಿ ತೋಟದ ಏರು ಹತ್ತುವಾಗ ತಿರುವಿನಲ್ಲಿ ಸ್ಟೇರಿಂಗ್ ಕಲ್ಲಾಯಿತು. ಸಂಪಾಜೆ ಘಾಟಿಯಲ್ಲೋ ಮಾಕುಟ್ಟದ ಇಳಿಜಾರಿನಲ್ಲೋ ಹಾಗಾಗಿದ್ದರೆ? ಪಂಪಿನ ಸಹಾಯ ಹೋದರೂ ಚಕ್ರ ತಿರುಗುತ್ತದೆ ನಿಜ, ಆದರೆ ಲೋಡ್ ಗಾಡಿಯನ್ನು ಹೇರ್‌ಪಿನ್ ತಿರುವಿನಲ್ಲಿ ತೋಳಿನ ಬಲದಿಂದಲೇ ಎಳೆಯಬೇಕು. ಎದುರಿನಿಂದ ಬಸ್ಸು ಬಂದರೆ ಅಷ್ಟು ಹೊತ್ತು ಸಿಗುವುದಿಲ್ಲ.

ಬಾನೆಟ್ ತೆಗೆದಾಗ ಮೊದಲು ಕಣ್ಣಿಗೆ ಬಿದ್ದದ್ದು ರಿಟರ್ನ್ ಹೋಸಿನ, ಅಂದರೆ ಆಯಿಲ್ ಡಬ್ಬಕ್ಕೆ ವಾಪಸ್ ಬರುವ ಹೋಸಿನ ಕ್ಲಿಪ್ಪು. ಮಳೆಗಾಲದ ಕೆಂಪು ಮಣ್ಣು ಕ್ಲಿಪ್ಪಿನ ಸುತ್ತ ಒಣಗಿ ಗಟ್ಟಿಯಾಗಿ ಕೂತಿತ್ತು, ಸ್ಕ್ರೂ ತಲೆಯ ಸೀಳಿನ ಒಳಗೂ ಮಣ್ಣು. ಒಂದು ಬಿರುಕೂ ಇಲ್ಲ. ಆ ಹೋಸು ಕಳಚದೆ 2 ಲೀಟರ್ ಫ್ಲಶಿಂಗ್ ಎಲ್ಲಿಂದ ಬಂತು? ಎರಡನೆಯದು, ಡಬ್ಬದ ಕೆಳಗೆ ಪೈಂಟು ಗುಳ್ಳೆ ಎದ್ದು ಸುಲಿದಿತ್ತು. ಸ್ಟೇರಿಂಗ್ ಆಯಿಲ್ ಚೆಲ್ಲಿದರೆ ಪೈಂಟು ಹಾಗೆ ಏಳುವುದಿಲ್ಲ. ಬ್ರೇಕ್ ಆಯಿಲ್ ಚೆಲ್ಲಿದರೆ ಏಳುತ್ತದೆ.

ಆಮೇಲೆ ದನಕ್ಕೆ ಇಂಜೆಕ್ಷನ್ ಕೊಡುವ ದೊಡ್ಡ ಸಿರಿಂಜಿನಲ್ಲಿ ಡಬ್ಬದ ಆಯಿಲ್ ಎಳೆದು ಗಾಜಿನ ಬಾಟಲಿಯಲ್ಲಿ ಇಟ್ಟೆ. ಬೆಳಿಗ್ಗೆ ನೋಡಿದರೆ ಎರಡು ಪದರ: ಮೇಲೆ ಮಾಸಿದ ಕೆಂಪು, ಕೆಳಗೆ ತಿಳಿ ಹಳದಿ. ಬ್ರೇಕ್ ಆಯಿಲ್ ಭಾರ, ಸ್ಟೇರಿಂಗ್ ಆಯಿಲ್ ಜೊತೆ ಬೆರೆಯದೆ ತಳಕ್ಕೆ ಇಳಿಯುತ್ತದೆ. ಬಾಟಲಿ ಹಿಡಿದುಕೊಂಡೇ ಗ್ಯಾರೇಜಿಗೆ ಹೋದೆ.

"ನೀವೇ ನೀರು ಹಾಕಿದ್ದೀರಿ ಅಣ್ಣಾ."

ನೀರು ಹಳದಿ ಇರುತ್ತದಾ ಅಂತ ಕೇಳಿದೆ.

"ಸ್ಟೇರಿಂಗಿಗೆ ಬ್ರೇಕಿಗೆ ಎಲ್ಲ ಒಂದೇ ಆಯಿಲ್. ಹದಿನೈದು ವರ್ಷದಿಂದ ಇದೇ ಹಾಕ್ತಿದ್ದೇನೆ, ಯಾರೂ ಬಂದು ಕೇಳಿಲ್ಲ. ಲೀಕ್ ನಿಂತಾಗ ನೀವೇ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದ್ರಲ್ಲ?"

ಹೌದು, ಹೇಳಿದ್ದೆ. ಎರಡು ಗಿರಾಕಿಗಳ ಎದುರು ಅವನು ಇದನ್ನು ಹೇಳಿದಾಗ ನನಗೆ ಮಾತು ಹೊರಡಲಿಲ್ಲ. ಮಾಲೀಕನನ್ನು ಕೇಳಿದರೆ ಬಿಲ್ಲು ಕೈಗೆ ತೆಗೆದುಕೊಂಡು, "ಇಲ್ಲಿ ಆಯಿಲ್ ಅಂತ ಮಾತ್ರ ಉಂಟು ಸಾರ್, ಯಾವ ಆಯಿಲ್ ಅಂತ ಇಲ್ಲವಲ್ಲ" ಅಂದರು. ಮತ್ತೆ ಕೇಳಿದೆ, ಅದೇ ಉತ್ತರ. ಮೂರನೇ ಸಲವೂ ಅದೇ. ಒಂದು ರೂಪಾಯಿ ವಾಪಸ್ ಬರಲಿಲ್ಲ. ಬೇರೆ ಕಡೆ ರ್‍ಯಾಕ್ ಸೀಲ್ ಕಿಟ್, ಪಂಪ್ ಸೀಲ್ ಕಿಟ್, ಎರಡು ಹೋಸು, ಹೊಸ ಡಬ್ಬ, ಕೂಲಿ ಎಲ್ಲ ಸೇರಿ 14,200 ಆಯಿತು.

ಈಗ ಸರಿಯಾದ ಕೆಲಸ ಹೇಗೆ ಅಂತ ಹೇಳುತ್ತೇನೆ. ಗ್ಯಾರೇಜಿನಲ್ಲಿ ಪಕ್ಕದಲ್ಲಿ ನಿಂತು ಇದನ್ನೇ ಮಾಡಿಸಿ.

ಯಾವ ಆಯಿಲ್ ಅಂತ ಡಬ್ಬದ ಮುಚ್ಚಳದಲ್ಲಿ ಅಥವಾ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ತುಂಬ ಪಿಕಪ್‌ಗಳಿಗೆ ಎಟಿಎಫ್ (ಆಟೊಮ್ಯಾಟಿಕ್ ಗೇರ್ ಆಯಿಲ್) ಡೆಕ್ಸ್‌ರಾನ್ 2 ಅಥವಾ 3 ಮಟ್ಟದ ಕೆಂಪು ಆಯಿಲ್. ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ಕೆಂಪು ಬಣ್ಣ ಹಾಕುವುದು ಕಷ್ಟದ ಕೆಲಸ ಅಲ್ಲ. ಡೆಕ್ಸ್‌ರಾನ್ ಅನ್ನುವ ದರ್ಜೆ ಮಾಡಿದ ಜನರಲ್ ಮೋಟಾರ್ಸ್, ಡೆಕ್ಸ್‌ರಾನ್ 3ರ ಪರವಾನಗಿ ಕೊಡುವುದನ್ನು 2006ರ ಕೊನೆಗೇ ನಿಲ್ಲಿಸಿದೆ. ಇವತ್ತು ಆಯಿಲ್ ಕ್ಯಾನಿನ ಮೇಲೆ ಆ ಹೆಸರು ಇದ್ದರೆ ಅದು ಆಯಿಲ್ ಕಂಪನಿಯ ಸ್ವಂತ ಮಾತು. ಆದ್ದರಿಂದ ಬ್ಯಾರಲ್ಲಿನ ಲೂಸ್ ಆಯಿಲ್ ಬೇಡವೇ ಬೇಡ, ಗೊತ್ತಿರುವ ಕಂಪನಿಯ ಸೀಲ್ ಒಡೆಯದ ಕ್ಯಾನೇ ತನ್ನಿ. ಹಸಿರು ಬಣ್ಣದ ಸಿಂಥೆಟಿಕ್ ಹೈಡ್ರಾಲಿಕ್ ಆಯಿಲ್ ಕೇಳುವ ಗಾಡಿಗಳೂ ಉಂಟು, ಅವಕ್ಕೆ ಕೆಂಪು ಬೆರೆಸಬೇಡಿ. ಪಂಪು, ಹೋಸು, ರ್‍ಯಾಕು ಎಲ್ಲ ಸೇರಿ ಹಿಡಿಯುವುದು ಸುಮಾರು 1 ಲೀಟರ್. ಡಬ್ಬದಲ್ಲಿ ಇರುವುದು ಅದರ ಅರ್ಧಕ್ಕಿಂತ ಕಡಿಮೆ. ತೊಳೆದು ತುಂಬಿಸಲು 2 ಲೀಟರ್ ಇಟ್ಟುಕೊಳ್ಳಿ.

ಮುಂದಿನ ಎರಡೂ ಚಕ್ರ ಜಾಕ್ ಕೊಟ್ಟು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಬೇಕು, ಹಿಂದಿನ ಚಕ್ರಕ್ಕೆ ಕಲ್ಲು. ಮುಚ್ಚಳ ತೆಗೆಯುವ ಮೊದಲು ಡಬ್ಬದ ಸುತ್ತಲಿನ ಮಣ್ಣು ಒರೆಸಿ. ಸಿರಿಂಜಿನಿಂದ ಡಬ್ಬ ಖಾಲಿ ಮಾಡಿ, ತಳದ ಜಾಲರಿ ನೋಡಿ. ಕಪ್ಪು ಕೆಸರು ಕಟ್ಟಿದ್ದರೆ ತೊಳೆಯಬೇಕು, ಬಿಚ್ಚಲು ಬಾರದ ಜಾಲರಿಯಾದರೆ ಡಬ್ಬವನ್ನೇ ಬದಲಾಯಿಸಬೇಕು. ಆಮೇಲೆ ರಿಟರ್ನ್ ಹೋಸ್ (ಕ್ಲಿಪ್ಪು ಹಾಕಿದ ತೆಳ್ಳನೆಯದು, ನಟ್ಟು ಹಾಕಿದ ಪ್ರೆಷರ್ ಲೈನ್ ಮುಟ್ಟಬೇಡಿ) ಡಬ್ಬದಿಂದ ಕಳಚಿ ಬಾಟಲಿಗೆ ಇಳಿಬಿಡಿ, ಡಬ್ಬದ ಆ ತೂತಿಗೆ ರಬ್ಬರ್ ಬಿರಡೆ. ಹೊಸ ಆಯಿಲ್ ತುಂಬಿಸಿ. ಎಂಜಿನ್ ಆಫ್ ಇರುವಾಗಲೇ ಒಬ್ಬರು ಸ್ಟೇರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನ ತಿರುಗಿಸುತ್ತ ಇರಲಿ, ಇನ್ನೊಬ್ಬರು ಡಬ್ಬ ಖಾಲಿಯಾಗದಂತೆ ಸುರಿಯುತ್ತ ಇರಲಿ. ಬಾಟಲಿಗೆ ಬೀಳುವುದು ಹೊಸ ಆಯಿಲಿನಷ್ಟೇ ಸ್ವಚ್ಛವಾಗುವ ತನಕ. ಹೋಸು ವಾಪಸ್ ಹಾಕಿ, ಹೊಸ ಕ್ಲಿಪ್ಪು ಬಿಗಿಯಿರಿ.

ಗಾಳಿ ತೆಗೆಯುವುದನ್ನು ಬಿಡಬೇಡಿ. ಎಂಜಿನ್ ಆಫ್‌ನಲ್ಲೇ ಇನ್ನೂ ಹತ್ತು ಹದಿನೈದು ಸಲ ಪೂರ್ತಿ ತಿರುಗಿಸಿ, ಮಟ್ಟ ಇಳಿದರೆ ತುಂಬಿಸಿ, ಆಮೇಲೆ ಸ್ಟಾರ್ಟ್ ಮಾಡಿ ಐಡಲ್‌ನಲ್ಲೇ ತಿರುಗಿಸಿ. ಕೊನೆಯ ತುದಿಯಲ್ಲಿ 5 ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬಾರದು, ಪಂಪು ಕಾದು ಹೋಗುತ್ತದೆ. ಆಯಿಲ್ ನೊರೆಯಾಗಿ ಹಾಲಿನಂತೆ ಕಂಡರೆ ಇನ್ನೂ ಗಾಳಿ ಉಂಟು. ಎಂಜಿನ್ ನಿಲ್ಲಿಸಿ ಅರ್ಧ ಗಂಟೆ ಬಿಟ್ಟು ಮತ್ತೆ ಮಾಡಿ. ಇಷ್ಟಕ್ಕೆ ಒಂದು ಗಂಟೆ ಬೇಕೇ ಬೇಕು. ನನ್ನ ಗಾಡಿ ಇಪ್ಪತ್ತು ನಿಮಿಷಕ್ಕೆ ಹೊರಗೆ ಬಂದಿತ್ತು, ಆಗಲೇ ತಿಳಿಯಬೇಕಿತ್ತು.

ಬಿಲ್ಲಿನಲ್ಲಿ ಆಯಿಲಿನ ಕಂಪನಿ, ದರ್ಜೆ, ಎಷ್ಟು ಲೀಟರ್, ಎಲ್ಲ ಬರೆಸಿ. ಖಾಲಿ ಕ್ಯಾನ್ ಕೇಳಿ ತೆಗೆದುಕೊಳ್ಳಿ. ಸೀಲ್ ಬದಲಾಯಿಸದೆ ಲೀಕ್ ನಿಲ್ಲಿಸಿದೆ ಅನ್ನುವವನ ಹತ್ತಿರ ಗಾಡಿ ಬಿಡಬೇಡಿ.

ಈಗಾಗಲೇ ಎಲ್ಲೋ ಹಾಕಿಸಿದ್ದರೆ ಮನೆಯಲ್ಲೇ ನೋಡಬಹುದು. ಅಳತೆ ಗೆರೆ ಇರುವ ಔಷಧಿ ಬಾಟಲಿಗೆ 20 ಮಿ.ಲೀ. ನೀರು, ಅದರ ಮೇಲೆ ಡಬ್ಬದ ತಳದಿಂದ ಎಳೆದ ಆಯಿಲ್ 20 ಮಿ.ಲೀ. ಚೆನ್ನಾಗಿ ಕುಲುಕಿ, ಒಂದೆರಡು ಗಂಟೆ ಅಲುಗಿಸದೆ ಇಡಿ. ಸರಿಯಾದ ಆಯಿಲ್ ಆದರೆ ಎಲ್ಲವೂ ಮೇಲೆ ತೇಲಿ, ಕೆಳಗಿನ ನೀರು ಮತ್ತೆ 20ರ ಗೆರೆಗೇ ನಿಲ್ಲುತ್ತದೆ. ನೀರಿನ ಗೆರೆ 25ಕ್ಕೋ 30ಕ್ಕೋ ಏರಿದರೆ ಬ್ರೇಕ್ ಆಯಿಲ್ ನೀರಿನಲ್ಲಿ ಕರಗಿದೆ ಅಂತ ಅರ್ಥ. ಹಾಗೆ ಕಂಡರೆ ಎಂಜಿನ್ ಸ್ಟಾರ್ಟ್ ಮಾಡಬೇಡಿ, ಲೋಡ್ ಹಾಕಬೇಡಿ, ಗಾಡಿಯನ್ನು ಎಳೆಸಿಕೊಂಡೇ ಹೋಗಿ. ಸುರಿದ ಮೇಲೆ ಎಂಜಿನ್ ಒಮ್ಮೆಯೂ ಓಡಿಲ್ಲ, ಸ್ಟೇರಿಂಗೂ ತಿರುಗಿಸಿಲ್ಲ ಅಂದರೆ ಡಬ್ಬ ಬಿಚ್ಚಿ ತೊಳೆದರೆ ಸಾಕಾಗಬಹುದು. ಓಡಿದ್ದರೆ ಬರೀ ಆಯಿಲ್ ಬದಲಾಯಿಸಿ ಪ್ರಯೋಜನ ಇಲ್ಲ, ಸೀಲು, ಓ ರಿಂಗು, ಹೋಸು, ರಬ್ಬರು ಅಂತ ಇರುವುದೆಲ್ಲ ಬದಲಾಗಬೇಕು.

ಇದೇ ಮೇಸ್ತ್ರಿ "ಎಲ್ಲ ಒಂದೇ" ಅಂತ ಸ್ಟೇರಿಂಗ್ ಆಯಿಲನ್ನು ಬ್ರೇಕ್ ಡಬ್ಬಕ್ಕೆ ಸುರಿದರೆ ಅಲ್ಲಿನ ರಬ್ಬರು ಉಬ್ಬಿ ಬ್ರೇಕೇ ಹಿಡಿಯುವುದಿಲ್ಲ, ಇಲ್ಲವೇ ಹಿಡಿದದ್ದು ಬಿಡುವುದಿಲ್ಲ. ಅಲ್ಲಿ ಬ್ರೇಕ್ ಕೆಲಸ ಮಾಡಿಸಿದವರು ಅದನ್ನೂ ಇವತ್ತೇ ತೆಗೆದು ನೋಡಿ. ಪಕ್ಕದ ತೋಟದ ಎರಡು ಗಾಡಿಗಳಲ್ಲಿ ಒಂದನ್ನು ನಿನ್ನೆ ನೋಡಿ ಬಂದೆ. ಬಾಟಲಿಯಲ್ಲಿ ನೀರಿನ ಗೆರೆ 28ಕ್ಕೆ ಏರಿದೆ.