ಏರ್‌ಕವರ್: 30 ಲಕ್ಷ ಡಾಲರ್‌ಗಿಂತ ಮುಖ್ಯವಾದ 14 ದಿನ

ಅಲ್ಪಾವಧಿಗೆ ಮನೆ ಬಾಡಿಗೆಗೆ ಕೊಡುವವರಿಗೆಂದು ಆನ್‌ಲೈನ್ ಬುಕಿಂಗ್ ತಾಣ ಏರ್‌ಬಿಎನ್‌ಬಿ ಒದಗಿಸುವ ‘ಏರ್‌ಕವರ್’ ರಕ್ಷಣೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು 30 ಲಕ್ಷ ಡಾಲರ್ ಎಂಬ ಅಂಕಿ. ಅತಿಥಿಗಳಿಂದ ಮನೆಗೋ ಮನೆಯ ಸಾಮಾನಿಗೋ ಆದ ಹಾನಿಗೆ ಕೊಡಬಹುದಾದ ಗರಿಷ್ಠ ಮೊತ್ತ ಅದು. ಚಿಕ್ಕದೊಂದು ಮನೆಯನ್ನು ಕೆಲವು ವರ್ಷಗಳಿಂದ ಹೀಗೆ ಕೊಡುತ್ತಿರುವ ನನಗೆ ಅದರ ನಿಯಮಗಳನ್ನು ಓದಿದಾಗ ಹೆಚ್ಚು ಮಹತ್ವದ್ದಾಗಿ ಕಂಡದ್ದು ಇನ್ನೊಂದು ಅಂಕಿ. ಅತಿಥಿ ಮನೆ ಬಿಟ್ಟ 14 ದಿನಗಳೊಳಗೆ ಆತಿಥೇಯನು ಪುರಾವೆ ಸಮೇತ ಪರಿಹಾರ ಕೇಳಬೇಕು. ನಮ್ಮಂಥವರ ಮನೆಯಲ್ಲಿ ಆಗುವ ನಷ್ಟ ಎಂದಿಗೂ ಲಕ್ಷ ಡಾಲರ್‌ಗಳ ಹತ್ತಿರ ಸುಳಿಯುವುದಿಲ್ಲ. ಸುಳಿಯುವುದು ಮಾತ್ರ ಗಡುವು, ಮತ್ತು ಅದು ಪ್ರತಿಸಲವೂ ಸುಳಿಯುತ್ತದೆ.

ಈ ರಕ್ಷಣೆ ಹುಟ್ಟಿದ್ದೇ ಒಂದು ಕಹಿ ಘಟನೆಯಿಂದ. 2011ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಆತಿಥೇಯರೊಬ್ಬರ ಮನೆಯನ್ನು ಬಾಡಿಗೆಗೆ ಬಂದವರು ಧ್ವಂಸ ಮಾಡಿ ಹೋದರು. ಸುದ್ದಿ ದೊಡ್ಡದಾದ ಮೇಲೆ ಕಂಪನಿ 50,000 ಡಾಲರ್‌ವರೆಗಿನ ಖಾತರಿಯನ್ನು ಘೋಷಿಸಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾದರೂ, ಬಾಗಿಲು ಗಟ್ಟಿಯಾಗಿಯೇ ಬಂತು. ಮರುವರ್ಷ ಆ ಮಿತಿ 10 ಲಕ್ಷ ಡಾಲರ್‌ಗೆ ಏರಿತು. 2021ರಲ್ಲಿ ಏರ್‌ಕವರ್ ಎಂಬ ಹೆಸರು ಬಂದಾಗ ಸಾಕುಪ್ರಾಣಿಗಳು ಮಾಡುವ ಹಾನಿ, ವಿಶೇಷ ಶುಚಿತ್ವದ ಖರ್ಚು, ಹಾನಿಯಿಂದಾಗಿ ಮುಂದಿನ ಬುಕಿಂಗ್ ರದ್ದುಮಾಡಬೇಕಾಗಿ ಬಂದರೆ ತಪ್ಪಿಹೋಗುವ ಆದಾಯ ಇವೆಲ್ಲವೂ ಅದರೊಳಗೆ ಸೇರಿದವು. ಮೊದಲು ಮುಂದಿನ ಅತಿಥಿ ಬರುವ ಮುನ್ನವೇ ಕ್ಲೈಮ್ ಹಾಕಬೇಕಿತ್ತು. ಆ ಕಟ್ಟೂ ಸಡಿಲವಾಯಿತು. ನನ್ನ ಮಟ್ಟಿಗೆ ಮೊತ್ತ ಏರಿದ್ದಕ್ಕಿಂತ ಈ ಸಡಿಲಿಕೆಯೇ ದೊಡ್ಡ ಉಪಕಾರ. ಬೆಳಿಗ್ಗೆ ಒಬ್ಬರು ಹೋಗಿ ಮಧ್ಯಾಹ್ನ ಇನ್ನೊಬ್ಬರು ಬರುವ ದಿನ, ಹಾಸಿಗೆಯ ಅಡಿಯನ್ನು ಎತ್ತಿ ನೋಡುವಷ್ಟು ಬಿಡುವು ಯಾರಿಗಿರುತ್ತದೆ?

ಕ್ರಮ ಸರಳವಾಗಿದೆ. ಮೊದಲು ಅತಿಥಿಗೇ ಬೇಡಿಕೆ ಹೋಗುತ್ತದೆ, ಅವರಿಗೆ 24 ಗಂಟೆ ಕಾಲಾವಕಾಶ. ಅವರು ನಿರಾಕರಿಸಿದರೆ ಅಥವಾ ಉತ್ತರಿಸದಿದ್ದರೆ ಕಂಪನಿಯನ್ನು ನಡುವೆ ಕರೆಯಬಹುದು. ಇಲ್ಲೊಂದು ಸೂಕ್ಷ್ಮವಿದೆ: ಅತಿಥಿಯೂ ಆತಿಥೇಯನೂ ಪರಸ್ಪರ ಅಭಿಪ್ರಾಯ ಬರೆಯುವುದಕ್ಕಿರುವ ಅವಧಿಯೂ 14 ದಿನಗಳೇ. ಒಡೆದ ಲೋಟಕ್ಕೆ ದುಡ್ಡು ಕೇಳಿ ಒಂದು ನಕ್ಷತ್ರ ಕಳೆದುಕೊಳ್ಳುವುದೋ, ಸುಮ್ಮನಿದ್ದು ಐದನ್ನೂ ಉಳಿಸಿಕೊಳ್ಳುವುದೋ ಎಂಬ ಲೆಕ್ಕಾಚಾರ ಪ್ರತಿಯೊಬ್ಬ ಆತಿಥೇಯನ ತಲೆಯಲ್ಲೂ ನಡೆಯುತ್ತದೆ. ಸಣ್ಣಪುಟ್ಟ ಹಾನಿಯನ್ನು ನಾನು ಈಗ ಕೇಳುವುದೇ ಇಲ್ಲ.

ಪುರಾವೆಯ ವಿಷಯದಲ್ಲಿ ನನಗೆ ಬುದ್ಧಿ ಬಂದದ್ದು ಒಂದು ಮರದ ಮೇಜಿನಿಂದ. ಅದು ಬೇರೊಂದು ತಾಣದ ಮೂಲಕ ಬಂದ ಅತಿಥಿಗಳ ಕಾಲದಲ್ಲಿ ಆದದ್ದು. ತಪ್ಪು ಬಹುಪಾಲು ನನ್ನದೇ ಆದ್ದರಿಂದ ತಾಣದ ಹೆಸರು ಬೇಡ. ಬಿಸಿ ಪಾತ್ರೆಯನ್ನು ನೇರವಾಗಿ ಇಟ್ಟ ಜಾಗದಲ್ಲಿ ಬಿಳಿಯ ಉಂಗುರವೊಂದು ಮೂಡಿತ್ತು. ಶಾಖಕ್ಕೆ ತೇವಾಂಶ ವಾರ್ನಿಷ್‌ನೊಳಗೆ ಸಿಕ್ಕಿಕೊಂಡರೆ ಹೀಗೆ ಬೆಳ್ಳಗಾಗುತ್ತದೆ; ಕಲೆ ಕಪ್ಪಗಿದ್ದರೆ ನೀರು ಮರಕ್ಕೇ ಇಳಿದಿದೆ ಎಂದರ್ಥ. ಬಿಳಿಯದು ಹೆಚ್ಚಿನ ಸಲ ಮೇಲ್ಪದರದ ರಿಪೇರಿಯಲ್ಲೇ ಸರಿಹೋಗುತ್ತದೆ. ನಾನು ಫೋಟೊ ತೆಗೆದೆ, ಬಡಗಿಯಿಂದ ಅಂದಾಜು ವೆಚ್ಚ ಬರೆಸಿದೆ, ಎರಡನ್ನೂ ಕಳುಹಿಸಿದೆ. ಮರುದಿನ ಒಂದೇ ಪ್ರಶ್ನೆ ಬಂತು: ಅತಿಥಿಗಳು ಬರುವ ಮೊದಲು ಮೇಜು ಹೀಗಿರಲಿಲ್ಲ ಎಂಬುದಕ್ಕೆ ಏನಿದೆ? ನನ್ನಲ್ಲಿದ್ದದ್ದು ಮನೆಯನ್ನು ಜಾಹೀರಾತಿಗೆ ಹಾಕಿದಾಗ ತೆಗೆದ ಹಳೆಯ ಚಿತ್ರ. ಅದರಲ್ಲಿ ಮೇಜಿನ ಮೇಲೆ ಹೂದಾನಿ, ಬಟ್ಟೆ, ಪುಸ್ತಕ, ಎಲ್ಲವೂ ಇದ್ದವು. ಕಾಣದೇ ಇದ್ದದ್ದು ಮೇಜೊಂದೇ. ಮನೆ ಶುಚಿ ಮಾಡುವವರು ಹಿಂದಿನ ವಾರ ತೆಗೆದ ಚಿತ್ರವೊಂದು ಸಿಕ್ಕಿತಾದರೂ, ಅದು ಮೆಸೇಜ್ ಆ್ಯಪ್‌ನಲ್ಲಿ ಬಂದಿದ್ದರಿಂದ ತೆಗೆದ ದಿನಾಂಕ, ಸಮಯಗಳ ಮಾಹಿತಿ ಫೈಲಿನಿಂದ ಅಳಿಸಿಹೋಗಿತ್ತು. ಪರಿಹಾರ ಸಿಗಲಿಲ್ಲ.

ಅಂದಿನಿಂದ ಪ್ರತಿ ಬುಕಿಂಗ್‌ಗೆ ಮೊದಲು ಮನೆಯ ತುಂಬ ಓಡಾಡಿ, ಎಲ್ಲಿಯೂ ನಿಲ್ಲಿಸದೆ ಒಂದೇ ವಿಡಿಯೊ ತೆಗೆಯುತ್ತೇವೆ, ಮೂಲ ಫೈಲನ್ನೇ ಉಳಿಸಿಕೊಳ್ಳುತ್ತೇವೆ. ಮೇಜಿನ ಮೇಲೆ ಓರೆಯಾಗಿ ಟಾರ್ಚ್ ಬೆಳಕು ಬಿಟ್ಟರೆ ಗೀರುಗಳೂ ಉಂಗುರಗಳೂ ಎದ್ದು ಕಾಣುತ್ತವೆ; ನೇರ ಬೆಳಕಿನಲ್ಲಿ ಅರ್ಧಕ್ಕರ್ಧ ಮಾಯವಾಗುತ್ತವೆ. ಏರ್‌ಕವರ್ ಆಗಲಿ ಇನ್ನೊಂದಾಗಲಿ, ಈ ವಿಡಿಯೊ ಇಲ್ಲದವರ ಪಾಲಿಗೆ ಅಷ್ಟಕ್ಕಷ್ಟೇ.

ಏರ್‌ಕವರ್‌ನಲ್ಲಿರುವ ಹಾನಿರಕ್ಷಣೆ ವಿಮೆಯಲ್ಲ ಎಂದು ಕಂಪನಿಯೇ ಹೇಳುತ್ತದೆ. ಅತಿಥಿಗೆ ಪೆಟ್ಟಾದಾಗ ನೆರವಾಗುವ 10 ಲಕ್ಷ ಡಾಲರ್‌ವರೆಗಿನ ಹೊಣೆಗಾರಿಕೆ ವಿಮೆ ಬೇರೆಯದು. ಸಹಜ ಸವೆತ ಹಾನಿರಕ್ಷಣೆಯಡಿ ಬರುವುದಿಲ್ಲ, ನಗದು ಹಣವೂ ಬರುವುದಿಲ್ಲ. ಸವೆತ ಎಲ್ಲಿ ಮುಗಿದು ಹಾನಿ ಎಲ್ಲಿ ಶುರುವಾಗುತ್ತದೆ ಎಂಬ ವಾದಕ್ಕೆ ಕೊನೆಯಿಲ್ಲ: ಐದು ವರ್ಷದ ಸೋಫಾದ ಹೊಲಿಗೆ ಬಿಚ್ಚಿದರೆ ಯಾರ ಲೆಕ್ಕಕ್ಕೆ ಬರೆಯಬೇಕು? ಸಾಮಾನ್ಯ ಗೃಹವಿಮೆ ಇದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವವರು ತಮ್ಮ ಪಾಲಿಸಿಯನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು, ಏಕೆಂದರೆ ಮನೆಯನ್ನು ವ್ಯಾಪಾರಕ್ಕೆ ಬಳಸಿದಾಗ ಆದ ನಷ್ಟವನ್ನು ಅನೇಕ ಪಾಲಿಸಿಗಳು ಹೊರಗಿಡುತ್ತವೆ.

ಕ್ಯಾಮೆರಾ ಇಟ್ಟರೆ ಮುಗಿಯಿತಲ್ಲ ಎನ್ನುವವರಿಗೆ ಆ ದಾರಿ ಮುಚ್ಚಿದೆ. 2024ರ ಏಪ್ರಿಲ್ 30ರಿಂದ ಏರ್‌ಬಿಎನ್‌ಬಿ ಮನೆಯೊಳಗಿನ ಭದ್ರತಾ ಕ್ಯಾಮೆರಾಗಳನ್ನು ಸಂಪೂರ್ಣ ನಿಷೇಧಿಸಿದೆ, ಆಫ್ ಮಾಡಿಟ್ಟಿದ್ದರೂ ಸರಿಯೇ. ಅತಿಥಿಯ ಖಾಸಗಿತನದ ದೃಷ್ಟಿಯಿಂದ ಅದು ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ಮಾತನ್ನು ದಾಖಲಿಸದೆ ಶಬ್ದದ ಮಟ್ಟವನ್ನು ಮಾತ್ರ ಅಳೆಯುವ ಸಾಧನಗಳನ್ನು, ಮೊದಲೇ ತಿಳಿಸಿ, ಮಲಗುವ ಕೋಣೆ ಮತ್ತು ಸ್ನಾನದ ಮನೆ ಬಿಟ್ಟು ಇತರೆಡೆ ಇಡಬಹುದು. ಗದ್ದಲದ ಪಾರ್ಟಿಗಳ ಮೇಲಿನ ನಿಷೇಧ 2022ರಿಂದ ಕಾಯಂ ಆಗಿದ್ದರೂ ಪಾರ್ಟಿ ನಡೆಯುತ್ತಿದೆಯೆಂದು ಗೊತ್ತಾಗಬೇಕಾದವರು ನಾವೇ ತಾನೆ. ಆ ಕೆಲಸಕ್ಕೆ ಈ ಸಾಧನ ಸಾಕು.

ಕ್ಲೈಮ್‌ವರೆಗೂ ಹೋಗದಂತೆ ನನ್ನನ್ನು ಹೆಚ್ಚು ಸಲ ಕಾಪಾಡಿರುವುದು ಮಾತ್ರ ನೀರು ಇಳಿಯದ ಹಾಸಿಗೆ ಹೊದಿಕೆ. ಅಂಚಿಗೆ ಎಲಾಸ್ಟಿಕ್ ಇರುವುದಕ್ಕಿಂತ ಹಾಸಿಗೆಯ ಆರೂ ಬದಿಯನ್ನು ಮುಚ್ಚಿ ಜಿಪ್ ಹಾಕುವ ಚೀಲದಂಥದ್ದು ಮೇಲು. ಚೆಲ್ಲಿದ ನೀರು ಅಂಚಿನಿಂದಲೇ ಒಳಗಿಳಿಯುವುದು. ಒಳಪದರದ ಪ್ಲಾಸ್ಟಿಕ್ ಹೆಚ್ಚಿನ ಶಾಖದ ಡ್ರೈಯರ್‌ನಲ್ಲಿ ಬಿರುಕು ಬಿಡುತ್ತದಾದ್ದರಿಂದ ಕಡಿಮೆ ಶಾಖದಲ್ಲೇ ಒಣಗಿಸಬೇಕು. ಒಮ್ಮೆ ಬಿರುಕು ಬಿಟ್ಟದ್ದು ಹೊರಗಿನಿಂದ ಕಾಣುವುದಿಲ್ಲ, ಬೆಳಕಿಗೆ ಎತ್ತಿ ಹಿಡಿದು ನೋಡಬೇಕು.

ಏರ್‌ಕವರ್‌ಗೆ ಐದರಲ್ಲಿ ಮೂರೂವರೆ ಕೊಡುತ್ತೇನೆ. ಆತಿಥೇಯರು ಪ್ರತ್ಯೇಕ ಶುಲ್ಕ ಕಟ್ಟಬೇಕಿಲ್ಲ, ದೊಡ್ಡ ಅನಾಹುತಕ್ಕೆ ಹೇಳಿಕೊಳ್ಳಲು ಒಂದು ಜಾಗವಿದೆ. ಕಳೆದ ಒಂದೂವರೆ ಅಂಕ, ಸಾಬೀತುಪಡಿಸುವ ಹೊಣೆಯನ್ನೆಲ್ಲ ಆತಿಥೇಯನ ತಲೆಗೇ ಕಟ್ಟಿ, ಆ ಮಾತನ್ನು ಜಾಹೀರಾತಿನಲ್ಲಿ ಮೊತ್ತದಷ್ಟು ದಪ್ಪ ಅಕ್ಷರಗಳಲ್ಲಿ ಹೇಳದೆ ಇರುವುದಕ್ಕೆ.