ಎಡಗಡೆ ಔಷಧ, ಬಲಗಡೆ ಎಣ್ಣೆ: ಹಣೆಯಂಚಿನ ಕೂದಲಿಗೆ 8 ತಿಂಗಳ ಪ್ರಯೋಗ

ನಾನು ಭರತನಾಟ್ಯ ಕಲಿಯಲು ಶುರು ಮಾಡಿದಾಗ 7 ವರ್ಷ. ಈಗ 34. ಇಷ್ಟೂ ವರ್ಷ ಕಾರ್ಯಕ್ರಮ ಇದ್ದಾಗಲೆಲ್ಲ ಒಂದೇ ರೀತಿ. ಜೆಲ್ ಹಚ್ಚಿ ಕೂದಲನ್ನು ಹಿಂದಕ್ಕೆ ಎಳೆಯುವುದು, ಚೌರಿ ಸೇರಿಸಿ ಹೆಣೆಯುವುದು, ಮೇಲೆ ಮೊಗ್ಗಿನ ಜಡೆ, ತುದಿಗೆ ಕುಚ್ಚು. ಹಣೆ ಚುರುಚುರು ಅಂದರೆ ಜಡೆ ಗಟ್ಟಿಯಾಗಿ ಕೂತಿದೆ ಎಂದೇ ನಂಬಿದ್ದೆ. ಮರುದಿನ ಕೂದಲ ಬುಡದಲ್ಲಿ ಸಣ್ಣ ಗುಳ್ಳೆ ಎದ್ದರೂ ಸೆಕೆ ಗುಳ್ಳೆ ಅಂದುಕೊಂಡು ಸುಮ್ನೆ ಇರುತ್ತಿದ್ದೆ.

ಕಳೆದ ವರ್ಷ ಮಲ್ಲೇಶ್ವರದಲ್ಲಿ ಒಂದು ಕಾರ್ಯಕ್ರಮದ ಫೋಟೋ ನೋಡಿದಾಗ ಎದೆ ಧಸಕ್ ಎಂದಿತು. ಹಣೆಯ ಎರಡು ಮೂಲೆಗಳಲ್ಲೂ ಒಂದು ಬೆರಳಿನ ಅಗಲ ಖಾಲಿ. ಅಂಚಿನಲ್ಲಿ ಮಾತ್ರ ನವಿರಾದ ಕೂದಲಿನ ಒಂದು ಸಾಲು ಉಳಿದಿತ್ತು. ಆ ಸಾಲೇ ಈ ತೊಂದರೆಯ ಗುರುತು ಎಂದರು ಚರ್ಮದ ಡಾಕ್ಟರ್. ತೀರ ಚಿಕ್ಕ ಕೂದಲು ಜಡೆಯ ಹಿಡಿತಕ್ಕೆ ಸಿಗುವುದಿಲ್ಲ, ಅದಕ್ಕೇ ಉಳಿಯುತ್ತದೆ.

ಇದರ ಹೆಸರು ಟ್ರಾಕ್ಷನ್ ಅಲೋಪೇಷಿಯಾ, ಅಂದರೆ ಎಳೆತದಿಂದ ಕೂದಲು ಹೋಗುವುದು. 1907ರಲ್ಲೇ ಗ್ರೀನ್‌ಲ್ಯಾಂಡ್‌ನ ಹೆಂಗಸರಲ್ಲಿ ಇದನ್ನು ಗುರುತಿಸಿದ್ದರು, ಅವರೂ ಜುಟ್ಟು ಬಿಗಿದು ಕಟ್ಟುತ್ತಿದ್ದರು. ತಲೆತುಂಬ ಸಣ್ಣ ಸಣ್ಣ ಜಡೆ ಹೆಣೆಯುವ ಬಾಕ್ಸ್ ಬ್ರೇಡ್, ಕಾರ್ನ್‌ರೋ ಹಾಕಿಸಿಕೊಳ್ಳುವವರಿಗೂ ಇದೇ ಅಪಾಯ. ಕೂದಲು ತುಂಡಾಗದಿರಲಿ ಎಂದು ಹಾಕುವ ಹೆಣಿಗೆ ಅದು. ಆದರೆ ಬಿಗಿ ಜಾಸ್ತಿಯಾಗಿ, ಜೊತೆಗೆ ಸೇರಿಸಿದ ಕೂದಲಿನ ಭಾರವೂ ಬಿದ್ದರೆ ಬುಡವೇ ಸಡಿಲವಾಗುತ್ತದೆ.

ಡಾಕ್ಟರ್ ಬರೆದುಕೊಟ್ಟದ್ದು ಮಿನಾಕ್ಸಿಡಿಲ್, ಕೂದಲು ಬೆಳೆಯಲೆಂದು ಹಚ್ಚುವ ಔಷಧ. ಅತ್ತೆ ಹೇಳಿದ್ದು ಹರಳೆಣ್ಣೆ. ಗೆಳತಿ ಹೇಳಿದ್ದು ರೋಸ್‌ಮೆರಿ ಎಣ್ಣೆ. ಡಾಕ್ಟರನ್ನು ಕೇಳಿಯೇ ಎಡ ಮೂಲೆಗೆ ಔಷಧ, ಬಲ ಮೂಲೆಗೆ ಎಣ್ಣೆ ಎಂದು ಹಂಚಿಕೊಂಡೆ. ಬಿಗಿ ಜಡೆಯನ್ನು ಮಾತ್ರ ಮೊದಲ ದಿನವೇ ಪೂರ್ತಿ ನಿಲ್ಲಿಸಿದೆ.

ಬಲಗಡೆಗೆ ಮೊದಲ ಎರಡು ತಿಂಗಳು ಹರಳೆಣ್ಣೆ. ತುಂಬಾ ಅಂಟು. ತೊಳೆಯಲು ಉಜ್ಜಿ ಉಜ್ಜಿ ಇದ್ದ ನಾಲ್ಕು ಕೂದಲೂ ಕೈಗೆ ಬರುತ್ತಿತ್ತು. ಹರಳೆಣ್ಣೆ ಕೂದಲಿಗೆ ಮಿರುಗು ಕೊಡುತ್ತದೆ ನಿಜ, ಹೊಸ ಕೂದಲು ಹುಟ್ಟಿಸುತ್ತದೆ ಎನ್ನಲು ಗಟ್ಟಿ ಆಧಾರ ಇಲ್ಲ. ಆಮೇಲೆ ಕೊಬ್ಬರಿ ಎಣ್ಣೆಗೆ ರೋಸ್‌ಮೆರಿಯ ಕೆಲವೇ ಹನಿ ಬೆರೆಸಿ ಹಚ್ಚಿದೆ. ಇದು ಹಿತವಾಗಿತ್ತು. ಈ ಎಣ್ಣೆ ಮಿನಾಕ್ಸಿಡಿಲ್‌ಗೆ ಸಮ ಎಂದು ಎಲ್ಲರೂ ಹೇಳುತ್ತಾರೆ, ಅಲ್ವಾ? ಅದಕ್ಕೆ ಮೂಲ 2015ರ ಒಂದು ಅಧ್ಯಯನ. 100 ಜನ, 6 ತಿಂಗಳು, ಹೋಲಿಸಿದ್ದು 2% ಮಿನಾಕ್ಸಿಡಿಲ್ ಜೊತೆ. ಆದರೆ ಅವರೆಲ್ಲ ವಂಶದಿಂದ ಬರುವ ಬೋಳಿನ ಗಂಡಸರು. ಎಳೆತದ ಗಾಯಕ್ಕೆ ಆ ಲೆಕ್ಕ ಹೊಂದುವುದಿಲ್ಲ.

ಎಡಗಡೆಯದು ಬೇರೆ ಕಥೆ. ಮೂರನೇ ವಾರ ಕೂದಲು ಇನ್ನೂ ಜಾಸ್ತಿ ಉದುರಿತು. ಅತ್ತುಬಿಟ್ಟೆ. ಹಳೆ ಕೂದಲು ಜಾಗ ಬಿಡುವಾಗ ಹೀಗಾಗುತ್ತದೆ, ನಿಲ್ಲಿಸಬೇಡಿ ಎಂದರು ಡಾಕ್ಟರ್. ಚರ್ಮ ಒಣಗಿ ಕಡಿತ ಬರುತ್ತಿತ್ತು. ಔಷಧ ಇಳಿದು ಕೆನ್ನೆಯ ಮೇಲೂ ನವಿರು ಕೂದಲು ಬಂತು. ಬಸುರಿಯರು, ಎದೆಹಾಲು ಕುಡಿಸುವವರು ಇದನ್ನು ಹಚ್ಚುವಂತಿಲ್ಲ. ಆದರೆ ನಾಲ್ಕನೇ ತಿಂಗಳು ಗರಿಕೆಯಂತೆ ಕಪ್ಪು ಕೂದಲು ಎದ್ದಿತು. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್. 8ನೇ ತಿಂಗಳಿಗೆ ಒಂದೂವರೆ ಇಂಚು.

ಬಲಗಡೆಯೂ ಬಂತು. ಆರನೇ ತಿಂಗಳಿಗೆ, ತೆಳ್ಳಗೆ, ಎಡಗಡೆಯ ಅರ್ಧದಷ್ಟು. ಅದು ಎಣ್ಣೆಯ ಪುಣ್ಯ ಎಂದು ನನಗೆ ಅನಿಸುವುದಿಲ್ಲ. ಮೊದಲೂ ವರ್ಷಗಟ್ಟಲೆ ವಾರಕ್ಕೊಮ್ಮೆ ಎಣ್ಣೆ ಹಚ್ಚಿಕೊಂಡೇ ಕೂದಲು ಕಳೆದುಕೊಂಡವಳು ನಾನು. ಈ ಸಲ ಬದಲಾದದ್ದು ಜಡೆ. ಎರಡು ಕಡೆಯೂ ಸಡಿಲ ಬಿಟ್ಟಿದ್ದೆ, ಎರಡು ಕಡೆಯೂ ಚಿಗುರಿತು. ಔಷಧ ಬೇಗ ಮಾಡಿತು, ದಟ್ಟ ಮಾಡಿತು, ಅಷ್ಟೇ. ಬಿಗಿ ಜಡೆ ಬಿಡದೆ ಮಿನಾಕ್ಸಿಡಿಲ್ ಹಚ್ಚುವುದಾದರೆ ದುಡ್ಡು ದಂಡ.

ಬಲ ಮೂಲೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಮಾತ್ರ ನುಣ್ಣಗೆ ಹೊಳೆಯುತ್ತಲೇ ಇದೆ. ಅಲ್ಲಿ ಬುಡವೇ ಸತ್ತಿದೆ, ಇನ್ನು ಯಾವ ಎಣ್ಣೆಗೂ ಔಷಧಕ್ಕೂ ಏಳುವುದಿಲ್ಲ ಎಂದಿದ್ದಾರೆ ಡಾಕ್ಟರ್. ಹತ್ತು ವರ್ಷ ಮೊದಲೇ ಬಂದಿದ್ದರೆ ಎಂದು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಈಗ ಅಭ್ಯಾಸಕ್ಕೆ ಸಡಿಲ ಜಡೆ, ರಬ್ಬರ್ ಬ್ಯಾಂಡ್ ಬದಲು ಬಟ್ಟೆಯ ಬ್ಯಾಂಡ್. ಹೆಲ್ಮೆಟ್ ಕೆಳಗೆ ಗಂಟು ಕಟ್ಟುವುದಿಲ್ಲ. ಕಾರ್ಯಕ್ರಮಕ್ಕೆ ಚೌರಿಯನ್ನು ನೆತ್ತಿಗಲ್ಲ, ಕತ್ತಿನ ಹತ್ತಿರ ಸೇರಿಸುತ್ತೇನೆ. ಮುಗಿದ ತಕ್ಷಣ ಗ್ರೀನ್ ರೂಮಿನಲ್ಲೇ ಬಿಚ್ಚುತ್ತೇನೆ. ಪಾಠಕ್ಕೆ ಬರುವ ಮಕ್ಕಳಿಗೆ ಜಡೆ ಹಾಕಿದ ಮೇಲೆ "ಹುಬ್ಬು ಎತ್ತು ಪುಟ್ಟಾ" ಅನ್ನುತ್ತೇನೆ. ಎತ್ತಲು ಕಷ್ಟವಾದರೆ, ನೋವು ಅಂದರೆ, ಪಿನ್ನೆಲ್ಲ ತೆಗೆದು ಮೊದಲಿನಿಂದ ಕಟ್ಟುತ್ತೇನೆ. ಕಾರ್ಯಕ್ರಮ 10 ನಿಮಿಷ ತಡವಾದರೂ ಪರವಾಗಿಲ್ಲ.